ನೀಲಗಿರಿ ಥಾರ್: ಹುಲ್ಲಿಗೂ ಬಂಡೆಗೂ ನಡುವಿನ ಬದುಕು

ಪಶ್ಚಿಮ ಘಟ್ಟಗಳ ದಕ್ಷಿಣ ತುದಿಯ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ ಸಾಮಾನ್ಯವಾಗಿ 1,200 ಮೀಟರಿನಿಂದ 2,600 ಮೀಟರಿನವರೆಗಿನ ಎತ್ತರದಲ್ಲಿ, ಹುಲ್ಲುಗಾವಲು ಮುಗಿದು ಕಡಿದಾದ ಬಂಡೆ ಶುರುವಾಗುವ ಅಂಚನ್ನೇ ನೆಲೆ ಮಾಡಿಕೊಂಡು ಬದುಕುವ ಪ್ರಾಣಿ ನೀಲಗಿರಿ ಥಾರ್. ತಮಿಳಿನಲ್ಲೂ ಮಲಯಾಳದಲ್ಲೂ ಇದನ್ನು ವರೆಯಾಡು ಎನ್ನುತ್ತಾರೆ. ತಮಿಳುನಾಡು ಇದನ್ನು ತನ್ನ ರಾಜ್ಯಪ್ರಾಣಿ ಎಂದು ಘೋಷಿಸಿಕೊಂಡಿದೆ. ಆಡು, ಕುರಿ, ಐಬೆಕ್ಸ್, ಮಾರ್ಖೋರ್, ಗೋರಲ್ ಮುಂತಾದವುಗಳೊಂದಿಗೆ ಥಾರನ್ನೂ ಒಳಗೊಂಡ ಬಳಗವನ್ನು ಪ್ರಾಣಿಶಾಸ್ತ್ರಜ್ಞರು ಕಾಪ್ರಿನಿ ಎಂದು ಗುರುತಿಸುತ್ತಾರೆ. ಭಾರತದಲ್ಲಿ ಈ ಬಳಗದ ಇತರ ಕಾಡುಪ್ರಾಣಿಗಳು ಹಲವಿದ್ದರೂ ಅವೆಲ್ಲ ಹಿಮಾಲಯದಲ್ಲಿ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ನೆಲೆಸಿವೆ. ದಕ್ಷಿಣ ಭಾರತದ ಪಾಲಿಗೆ ದಕ್ಕಿರುವುದು ಈ ಒಂದೇ ಪ್ರಭೇದ, ಅದೂ ನೀಲಗಿರಿಯಿಂದ ಆಶಾಂಬು ಬೆಟ್ಟಗಳವರೆಗಿನ ಸುಮಾರು 400 ಕಿಲೋಮೀಟರು ಉದ್ದದ ಪಟ್ಟಿಯಲ್ಲಿ, ಒಂದಕ್ಕೊಂದು ತಾಗದ ತುಣುಕುಗಳಾಗಿ.

1838ರಲ್ಲಿ ವಿಲಿಯಂ ಓಗಿಲ್ಬಿ ಈ ಪ್ರಾಣಿಗೆ ಮೊದಲ ವೈಜ್ಞಾನಿಕ ಹೆಸರನ್ನು ಕೊಟ್ಟ ಮೇಲೆ ಅದನ್ನು ಯಾವ ಕುಲಕ್ಕೆ ಸೇರಿಸಬೇಕೆಂಬ ಪ್ರಶ್ನೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸರಿಯಾಗಿ ಇತ್ಯರ್ಥವಾಗಲಿಲ್ಲ. ಬೇಟೆಗೆಂದು ನೀಲಗಿರಿಗೆ ಬರುತ್ತಿದ್ದ ಬ್ರಿಟಿಷ್ ಅಧಿಕಾರಿಗಳು ಹಿಂದಕ್ಕೆ ಬಾಗಿದ ಕೋಡನ್ನು ಕಂಡು ಇದನ್ನು ಐಬೆಕ್ಸ್ ಎಂದೇ ಕರೆದರು. ವಿಜ್ಞಾನಿಗಳಾದರೋ ಹಿಮಾಲಯದ ಥಾರ್ ಮತ್ತು ಅರೇಬಿಯದ ಥಾರ್ ಜೊತೆಗೆ ಇದನ್ನೂ ಸೇರಿಸಿ, ಮೂರನ್ನೂ ಹೆಮಿಟ್ರಾಗಸ್ ಎಂಬ ಒಂದೇ ಕುಲದಲ್ಲಿಟ್ಟರು. ಮೂರೂ ಗಿಡ್ಡ ಕೋಡಿನ, ಗಟ್ಟಿಮುಟ್ಟಾದ ಮೈಕಟ್ಟಿನ, ಬಂಡೆ ಹತ್ತುವ ಪ್ರಾಣಿಗಳಾದ್ದರಿಂದ ಈ ವಿಂಗಡಣೆ ಸಹಜವಾಗಿಯೇ ಕಂಡಿತ್ತು. 2005ರಲ್ಲಿ ಆನ್ ರೋಪಿಕೆ ಮತ್ತು ಅಲೆಕ್ಸಾಂಡ್ರ್ ಹಸ್ಸಾನಿನ್ ಎಂಬ ಸಂಶೋಧಕರು ಮೂರರ ಡಿಎನ್‌ಎಯನ್ನು ಬಳಗದ ಉಳಿದ ಪ್ರಾಣಿಗಳ ಡಿಎನ್‌ಎಯೊಂದಿಗೆ ಹೋಲಿಸಿ ನೋಡಿದಾಗ ಚಿತ್ರ ಪೂರ್ತಿ ಬದಲಾಯಿತು. ಹಿಮಾಲಯದ ಥಾರ್ ಆಡಿನ ಕುಲಕ್ಕೆ ಹತ್ತಿರದ್ದು. ಅರೇಬಿಯದ್ದು ಉತ್ತರ ಆಫ್ರಿಕಾದ ಬಾರ್ಬರಿ ಕುರಿಗೆ ಹತ್ತಿರದ್ದು. ನೀಲಗಿರಿಯದ್ದು ಕುರಿಗಳ ಕುಲವಾದ ಓವಿಸ್‌ಗೆ ಹತ್ತಿರದ್ದು. ಹೀಗಾಗಿ ಮೂರಕ್ಕೂ ಬೇರೆ ಬೇರೆ ಕುಲಗಳಾದವು, ನೀಲಗಿರಿಯ ಪ್ರಾಣಿ ನೀಲಗಿರಿಟ್ರಾಗಸ್ ಹೈಲೋಕ್ರಿಯಸ್ ಎಂಬ ಹೆಸರು ಪಡೆದು ತನ್ನ ಕುಲದ ಏಕೈಕ ಸದಸ್ಯನಾಗಿ ಉಳಿಯಿತು.

ದೂರದ ಸಂಬಂಧಿಗಳು ಒಂದೇ ಬಗೆಯ ಪರಿಸರದಲ್ಲಿ ಬಹುಕಾಲ ಬದುಕಿ, ಒಂದೇ ಬಗೆಯ ಒತ್ತಡಗಳಿಗೆ ಒಗ್ಗಿಕೊಳ್ಳುತ್ತ, ಕೊನೆಗೆ ನೋಡಲು ಒಂದೇ ತೆರನಾಗುವುದನ್ನು ಅಭಿಸರಣ ವಿಕಾಸ ಎನ್ನುತ್ತಾರೆ. ಮೂರು ಥಾರ್‌ಗಳ ನಡುವಿನ ಹೋಲಿಕೆ ಇಂಥದೇ: ಅದು ರಕ್ತಸಂಬಂಧ ಕೊಟ್ಟ ಹೋಲಿಕೆಗಿಂತ ಹೆಚ್ಚಾಗಿ ಬಂಡೆ ಕೊಟ್ಟ ಹೋಲಿಕೆ. ಹತ್ತಿರದಿಂದ ನೋಡಿದರೆ ವ್ಯತ್ಯಾಸಗಳು ಡಿಎನ್‌ಎಯ ನೆರವಿಲ್ಲದೆಯೂ ಕಾಣುತ್ತವೆ. ಹಿಮಾಲಯದ ಥಾರ್‌ಗೆ ಚಳಿಯನ್ನು ತಡೆಯುವ ಉದ್ದ ಕೂದಲಿನ ದಟ್ಟ ಕೇಸರವಿದ್ದರೆ ನೀಲಗಿರಿಯದಕ್ಕೆ ಒರಟಾದ ಗಿಡ್ಡ ಕೂದಲಿನ ಹೊದಿಕೆಯಿದೆ. ಹಿಮಾಲಯದ ಹೆಣ್ಣಿನ ಕೆಚ್ಚಲಿನಲ್ಲಿ ನಾಲ್ಕು ಮೊಲೆತೊಟ್ಟುಗಳಿದ್ದರೆ ನೀಲಗಿರಿಯ ಹೆಣ್ಣಿಗೆ ಎರಡೇ.

ಕುರಿಗಳ ಈ ದೂರದ ನೆಂಟ ದಕ್ಷಿಣದ ಉಷ್ಣವಲಯಕ್ಕೆ ಹೇಗೆ ಬಂತು ಎಂಬುದು ಜೀವಭೂಗೋಳದ, ಅಂದರೆ ಯಾವ ಜೀವಿ ಎಲ್ಲಿದೆ ಮತ್ತು ಯಾಕಿದೆ ಎಂಬುದನ್ನು ಹುಡುಕುವ ಶಾಸ್ತ್ರದ, ಹಳೆಯ ಪ್ರಶ್ನೆಗಳಲ್ಲಿ ಒಂದು. ಇಂದು ಹಿಮಾಲಯಕ್ಕೂ ನೀಲಗಿರಿಗೂ ನಡುವೆ ಇರುವುದು ಸುಮಾರು 2,000 ಕಿಲೋಮೀಟರುಗಳಷ್ಟು ಬಿಸಿಯಾದ ಬಯಲು ಮತ್ತು ಪ್ರಸ್ಥಭೂಮಿ. ಮೀನುಗಳ ಅಧ್ಯಯನಕ್ಕೆ ಹೆಸರಾದ ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1940ರ ದಶಕದಲ್ಲಿ ಮುಂದಿಟ್ಟ ಸಾತ್ಪುರ ಸಿದ್ಧಾಂತದ ಪ್ರಕಾರ, ಹಿಂದೆ ತಂಪಾದ ಹವೆ ಹರಡಿದ್ದ ಕಾಲದಲ್ಲಿ ಹಿಮಾಲಯದ ಜೀವಿಗಳು ಸಾತ್ಪುರ ಶ್ರೇಣಿಯನ್ನು ಸೇತುವೆಯಾಗಿ ಬಳಸಿಕೊಂಡು ಪಶ್ಚಿಮ ಘಟ್ಟಗಳನ್ನು ತಲುಪಿದವು, ಹವೆ ಮತ್ತೆ ಬಿಸಿಯಾದಾಗ ನಡುವಿನವು ಅಳಿದು ಎರಡು ತುದಿಯವು ಮಾತ್ರ ಉಳಿದವು. ಈ ಸಿದ್ಧಾಂತದ ವಿವರಗಳ ಬಗ್ಗೆ ಚರ್ಚೆ ಇಂದಿಗೂ ಮುಗಿದಿಲ್ಲವಾದರೂ, ಹವಾಮಾನದ ಏರಿಳಿತಕ್ಕೆ ತಕ್ಕಂತೆ ತಂಪು ಬಯಸುವ ಜೀವಿಗಳ ನೆಲೆ ಹಿಗ್ಗಿ ಕುಗ್ಗುತ್ತಿತ್ತು ಎಂಬ ಅದರ ಮೂಲ ಆಲೋಚನೆಗೆ ನೀಲಗಿರಿಯ ಮಣ್ಣಿನೊಳಗಿಂದಲೇ ಸಾಕ್ಷ್ಯ ದೊರೆತಿದೆ.

ಆ ಸಾಕ್ಷ್ಯವಿರುವುದು ಪೀಟ್‌ನಲ್ಲಿ. ಸದಾ ನೀರು ನಿಲ್ಲುವ ಜೌಗಿನಲ್ಲಿ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ ವರ್ಷದ ಮೇಲೆ ವರ್ಷ ಪದರಗಟ್ಟಿ ಆಗುವ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಪೀಟ್ ಪದರಗಳಲ್ಲಿನ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಷ್ಣವಲಯದ ಬಹುಪಾಲು ಹುಲ್ಲುಗಳು ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಕ್ರಮ ಮರಗಳ ಕ್ರಮಕ್ಕಿಂತ ಬೇರೆಯಾಗಿದೆ. ಹಾಗಾಗಿ ಅವುಗಳ ದೇಹದಲ್ಲಿ ಇಂಗಾಲದ ಎರಡು ಸ್ಥಿರ ಐಸೋಟೋಪ್‌ಗಳು, ಅಂದರೆ ಹಗುರ ಇಂಗಾಲ-12 ಮತ್ತು ತುಸು ಭಾರದ ಇಂಗಾಲ-13, ಬೆರೆತಿರುವ ಪ್ರಮಾಣವೂ ಬೇರೆ. ಸಸ್ಯ ಕೊಳೆತು ಮಣ್ಣಾದರೂ ಈ ಪ್ರಮಾಣ ಉಳಿಯುವುದರಿಂದ, ಯಾವ ಪದರ ಹುಲ್ಲಿನ ಕಾಲದ್ದು, ಯಾವುದು ಮರಗಳು ಹೆಚ್ಚಿದ ಕಾಲದ್ದು ಎಂದು ಹೇಳಲು ಬರುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತನ್ನ ಉತ್ತುಂಗದಲ್ಲಿದ್ದು ಇಲ್ಲಿ ಮಳೆ ಕಡಿಮೆಯಾಗಿದ್ದಾಗ, ಒಣಹವೆಗೆ ಒಗ್ಗುವ ಹುಲ್ಲುಗಳು ಮೇಲುಗೈ ಪಡೆದಿದ್ದವು. ಸುಮಾರು 10,000 ವರ್ಷಗಳ ಹಿಂದೆ ಮಳೆಗಾಲ ಬಲಗೊಂಡಾಗ ಅವು ಹಿಮ್ಮೆಟ್ಟಿದವು. ಈ ಬೆಟ್ಟಗಳ ನೆತ್ತಿಯ ಹುಲ್ಲುಗಾವಲು ಮನುಷ್ಯ ಕಾಡು ಕಡಿದು ಮಾಡಿದ ಬಯಲಲ್ಲ, ಬೇಸಾಯವೇ ಹುಟ್ಟುವ ಮೊದಲಿನಿಂದ ಅಲ್ಲಿದ್ದದ್ದು ಎಂಬುದು ಇದರಿಂದ ದೃಢವಾಯಿತು. ಥಾರ್‌ನ ಚರಿತ್ರೆಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ, ಏಕೆಂದರೆ ಅದು ಹುಲ್ಲು ಮೇಯುವ ಪ್ರಾಣಿ.

ಈ ಎತ್ತರದಲ್ಲಿ ಕಣಿವೆಯ ಮಡಿಲುಗಳಲ್ಲಿ ಗಿಡ್ಡ ಮರಗಳ ದಟ್ಟ ಶೋಲಾ ಕಾಡು, ದಿಣ್ಣೆ ಮತ್ತು ಇಳಿಜಾರುಗಳಲ್ಲಿ ಹುಲ್ಲು ಎಂಬ ಹಂಚಿಕೆ ಇರುತ್ತದೆ. ಕುದುರೆಮುಖ ಮತ್ತು ಬಾಬಾಬುಡನ್‌ಗಿರಿಗಳನ್ನು ಬಲ್ಲ ಕನ್ನಡಿಗರಿಗೆ ಈ ನೋಟ ಪರಿಚಿತವೇ. ಆದರೆ ಆ ಬೆಟ್ಟಗಳಲ್ಲಿ ಥಾರ್ ಇಲ್ಲ. ಕೊಡಗಿನ ದಕ್ಷಿಣದ ಅಂಚಿನ ಬ್ರಹ್ಮಗಿರಿಯವರೆಗೆ ಅದರ ನೆಲೆ ಹಿಂದೆ ಹರಡಿತ್ತು ಎಂದು ಪ್ರಾಣಿಶಾಸ್ತ್ರದ ಬರಹಗಳು ಹೇಳುತ್ತವೆ. ಇಂದು ಕರ್ನಾಟಕದಲ್ಲಿ ಒಂದೂ ಉಳಿದಿಲ್ಲ. ಥಾರ್‌ಗೆ ಹುಲ್ಲೊಂದಿದ್ದರೆ ಸಾಲದು, ಆ ಹುಲ್ಲಿನ ಪಕ್ಕದಲ್ಲೇ ಕಡಿದಾದ ಬಂಡೆಯ ಗೋಡೆಯೂ ಬೇಕು. ಹುಲ್ಲು ಹೊಟ್ಟೆಗೆ, ಬಂಡೆ ಜೀವ ಉಳಿಸಿಕೊಳ್ಳಲು. ಚಿರತೆ, ಹುಲಿ ಮತ್ತು ಸೀಳುನಾಯಿಗಳು ಅದರ ಮುಖ್ಯ ಶತ್ರುಗಳು. ಬಯಲಿನಲ್ಲಿ ಇವುಗಳಲ್ಲಿ ಯಾವುದನ್ನೂ ಅದು ಓಡಿ ಸೋಲಿಸಲಾರದು, ಬಂಡೆಗೆ ಇಳಿದರೆ ಮಾತ್ರ ಯಾವುದೂ ಅದರ ಹಿಂದೆ ಸುಲಭವಾಗಿ ಬರಲಾರದು. ಆದ್ದರಿಂದ ಮೇವು ಎಷ್ಟೇ ಸೊಗಸಾಗಿದ್ದರೂ ಬಂಡೆಯಿಂದ ಬಹುದೂರ ಅದು ಹೋಗುವುದಿಲ್ಲ. ಭೂಪಟದಲ್ಲಿ ವಿಶಾಲವಾಗಿ ಕಾಣುವ ಹುಲ್ಲುಗಾವಲಿನಲ್ಲೂ ಥಾರ್‌ಗೆ ನಿಜವಾಗಿ ಒದಗುವುದು ಈ ಅಂಚಿನ ಕಿರಿದಾದ ಪಟ್ಟಿ ಮಾತ್ರ.

ಬಂಡೆಯ ಮೇಲೆ ಅದು ನಿಲ್ಲುವ ಬಗೆಯನ್ನು ಅದರ ಗೊರಸು ವಿವರಿಸುತ್ತದೆ. ಪ್ರತಿ ಕಾಲಿನಲ್ಲೂ ಭಾರ ಹೊರುವ ಎರಡು ಬೆರಳುಗಳಿದ್ದು, ಅವು ಒಂದನ್ನೊಂದು ಅವಲಂಬಿಸದೆ ಅಗಲಬಲ್ಲವು. ಹೀಗಾಗಿ ಓರೆಕೋರೆಯ ಕಲ್ಲಿನ ಮೇಲೆ ಒಂದು ಬೆರಳು ಮೇಲೂ ಇನ್ನೊಂದು ಕೆಳಗೂ ಊರಿಕೊಳ್ಳುತ್ತವೆ. ಗೊರಸಿನ ಹೊರ ಅಂಚು ಗಡುಸಾಗಿದ್ದು ಬಂಡೆಯ ಸಣ್ಣ ಸೀಳಿಗೂ ಸಿಕ್ಕಿಕೊಳ್ಳುತ್ತದೆ. ಒಳಗಿನ ಮೆತ್ತೆ ರಬ್ಬರಿನಂತೆ ಅದುಮಿಕೊಂಡು ನುಣುಪಾದ ಮೈಯನ್ನು ಹಿಡಿಯುತ್ತದೆ. ಹಿಂದೆ ಮೇಲ್ಗಡೆಯಿರುವ ಎರಡು ಕಿರುಗೊರಸುಗಳು ಇಳಿಜಾರಿನಲ್ಲಿ ಜಾರದಂತೆ ತಡೆ ಕೊಡುತ್ತವೆ. ಗಿಡ್ಡ ಕಾಲು, ಅಗಲ ಎದೆ ಮತ್ತು ನೆಲಕ್ಕೆ ಹತ್ತಿರವಾದ ದೇಹದ ಭಾರ ಸಮತೋಲಕ್ಕೆ ನೆರವಾಗುತ್ತವೆ.

ಪ್ರಾಯಕ್ಕೆ ಬಂದ ಗಂಡು ಭುಜದ ಬಳಿ ಸುಮಾರು ಒಂದು ಮೀಟರು ಎತ್ತರವಿದ್ದು ಸುಮಾರು 100 ಕಿಲೋಗ್ರಾಂ ತೂಗುತ್ತದೆ. ಹೆಣ್ಣಿನ ತೂಕ ಅದರ ಅರ್ಧದಷ್ಟು. ಗಂಡಿಗೂ ಹೆಣ್ಣಿಗೂ ಕೋಡಿರುತ್ತದೆ, ಗಂಡಿನದು ದಪ್ಪ ಮತ್ತು ಉದ್ದ, ಸುಮಾರು 40 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಹೆಣ್ಣು ಮತ್ತು ಮರಿಗಳ ಮೈಬಣ್ಣ ಒಣಹುಲ್ಲಿನ ಇಳಿಜಾರಿನಲ್ಲಿ ಬೆರೆತುಹೋಗುವ ಬೂದುಗಂದು. ಗಂಡು ಬೆಳೆದಂತೆ ತಿಳಿಗಂದಿನಿಂದ ಕಡುಗಂದಿಗೆ, ಕೊನೆಗೆ ಬಹುತೇಕ ಕಪ್ಪಿಗೆ ತಿರುಗುತ್ತದೆ. ಪೂರ್ತಿ ಬಲಿತ ಗಂಡಿನ ಬೆನ್ನಿನ ಮೇಲೆ ತಡಿ ಹಾಕಿದಂತೆ ಬೆಳ್ಳಿಬಣ್ಣದ ಪಟ್ಟೆ ಮೂಡುತ್ತದೆ. ಇಂಥ ಗಂಡುಗಳನ್ನು ಸಂಶೋಧಕರು ಸ್ಯಾಡಲ್‌ಬ್ಯಾಕ್ ಎಂದು ಪ್ರತ್ಯೇಕವಾಗಿ ಎಣಿಸುತ್ತಾರೆ. ದೂರದರ್ಶಕದಲ್ಲಿ ನೋಡಿ ಮರಿ, ಒಂದು ವರ್ಷದ್ದು, ಹೆಣ್ಣು, ತಿಳಿಗಂದು ಗಂಡು, ಕಡುಗಂದು ಗಂಡು, ಸ್ಯಾಡಲ್‌ಬ್ಯಾಕ್ ಎಂದು ವಿಂಗಡಿಸಿಕೊಂಡರೆ ಹಿಂಡಿನ ವಯಸ್ಸಿನ ರಚನೆ ಒಂದೂ ಪ್ರಾಣಿಯನ್ನು ಹಿಡಿಯದೆಯೇ ತಿಳಿದುಬರುತ್ತದೆ.

ಥಾರ್‌ಗಳ ದಿನಚರಿ ಸರಳವಾದುದು. ಬೆಳಗಿನ ಹೊತ್ತು ಮತ್ತು ಇಳಿಹಗಲು ಮೇಯುತ್ತವೆ. ನಡುಹಗಲಿನಲ್ಲಿ ಬಂಡೆಯ ಚಾಚುಗಳಿಗೆ ಹೋಗಿ ಮಲಗಿ ಮೆಲುಕು ಹಾಕುತ್ತವೆ. ಹಿಂಡು ಮಲಗಿರುವಾಗ ಒಂದು, ಹೆಚ್ಚಾಗಿ ಬಲಿತ ಹೆಣ್ಣು, ಎತ್ತರದ ಜಾಗದಲ್ಲಿ ನಿಂತು ಕಾವಲು ಕಾಯುತ್ತದೆ. ಅದರ ನೋಟ ಕಣಿವೆಯ ಕಡೆಗಿರುತ್ತದೆ. ಅಪಾಯ ಕಂಡಾಗ ಸಿಳ್ಳೆಯಂಥ ಸದ್ದು ಹೊರಡಿಸಿದರೆ ಇಡೀ ಹಿಂಡು ಕ್ಷಣಮಾತ್ರದಲ್ಲಿ ಬಂಡೆಯ ಸಂದುಗಳಿಗೆ ಸೇರಿಕೊಳ್ಳುತ್ತದೆ. ಹಿಂಡೆಂದರೆ ಮುಖ್ಯವಾಗಿ ಹೆಣ್ಣುಗಳು, ಅವುಗಳ ಮರಿಗಳು ಮತ್ತು ಪ್ರಾಯಕ್ಕೆ ಬಾರದ ಗಂಡುಗಳು. ಬಲಿತ ಗಂಡುಗಳು ವರ್ಷದ ಬಹುಭಾಗ ಒಂಟಿಯಾಗಿ ಅಥವಾ ತಮ್ಮತಮ್ಮಲ್ಲೇ ಸಣ್ಣ ಗುಂಪು ಕಟ್ಟಿಕೊಂಡು ಬೇರೆಯಾಗಿ ತಿರುಗುತ್ತವೆ.

ಗಂಡುಗಳು ಹಿಂಡಿಗೆ ಮರಳುವುದು ಬೆದೆಗಾಲದಲ್ಲಿ, ಅಂದರೆ ನೈಋತ್ಯ ಮುಂಗಾರು ಜೋರಾಗಿರುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಬೆಟ್ಟಗಳಲ್ಲಿ, ಹತ್ತಡಿ ಆಚೆಯದು ಕಾಣದ ಮಂಜಿನಲ್ಲಿ ನಡೆಯುವ ಈ ಘಟ್ಟವನ್ನು ಗಮನಿಸುವುದೇ ಕಷ್ಟದ ಕೆಲಸ. 1979ರಿಂದ 1981ರವರೆಗೆ ಕೇರಳದ ಇರವಿಕುಳಂನಲ್ಲಿ ಥಾರ್‌ಗಳ ವರ್ತನೆಯನ್ನು ವಿವರವಾಗಿ ಅಧ್ಯಯನ ಮಾಡಿದ ಸಂಶೋಧಕ ಕ್ಲಿಫರ್ಡ್ ರೈಸ್ ಅವರ ದುಡಿಮೆಯಿಂದಲೇ ಈ ಬಗೆಗಿನ ಬಹುಪಾಲು ತಿಳಿವಳಿಕೆ ಬಂದಿದೆ. ಗಂಡು ಹೆಣ್ಣಿನ ಮೂತ್ರವನ್ನು ಮೂಸಿ, ತಲೆಯೆತ್ತಿ, ಮೇಲ್ದುಟಿಯನ್ನು ಸುರುಳಿ ಮಾಡಿ ನಿಲ್ಲುತ್ತದೆ. ಮನೆಯ ಹೋತ ಮತ್ತು ಟಗರುಗಳಲ್ಲೂ ಕಾಣುವ ಈ ನಡೆ ವಾಸನೆಯನ್ನು ಬಾಯಿಯ ಮೇಲ್ಭಾಗದಲ್ಲಿರುವ ವಿಶೇಷ ಅಂಗಕ್ಕೆ ಸಾಗಿಸುವ ಉಪಾಯವಾಗಿದ್ದು, ಹೆಣ್ಣು ಬೆದೆಗೆ ಬಂದಿದೆಯೇ ಎಂಬುದನ್ನು ಗಂಡಿಗೆ ತಿಳಿಸುತ್ತದೆ. ಗಂಡುಗಳ ನಡುವಿನ ಸ್ಪರ್ಧೆ ಬಹುಮಟ್ಟಿಗೆ ಪ್ರದರ್ಶನದಲ್ಲೇ ಮುಗಿಯುತ್ತದೆ, ಸಮಬಲದವು ಎದುರಾದಾಗ ಮಾತ್ರ ಕೋಡಿನ ಕಾದಾಟಕ್ಕೆ ತಿರುಗುತ್ತದೆ.

ಸುಮಾರು ಆರು ತಿಂಗಳ ಗಬ್ಬದ ನಂತರ, ಹೆಚ್ಚಾಗಿ ಜನವರಿ–ಫೆಬ್ರವರಿಯಲ್ಲಿ ಹೆಣ್ಣು ಒಂದು ಮರಿ ಈಯುತ್ತದೆ, ಅವಳಿ ವಿರಳ. ಮಳೆ ನಿಂತು, ಇಬ್ಬನಿ ಹೆಪ್ಪುಗಟ್ಟುವ ಚಳಿ ಇಳಿಯತೊಡಗುವ ಈ ಹೊತ್ತಿನಲ್ಲಿ ಹುಟ್ಟಿದ ಮರಿಗೆ ಮುಂದಿನ ಮುಂಗಾರಿನ ಹೊತ್ತಿಗೆ ನಾಲ್ಕೈದು ತಿಂಗಳು ತುಂಬಿ, ಗಾಳಿಮಳೆಯನ್ನು ತಾಳಿಕೊಳ್ಳುವ ಶಕ್ತಿ ಬಂದಿರುತ್ತದೆ. ಆದರೂ ಬಹಳಷ್ಟು ಮರಿಗಳು ಮೊದಲ ವರ್ಷವನ್ನು ದಾಟುವುದಿಲ್ಲ. ಮರಿ ಕಳೆದುಕೊಂಡ ಹೆಣ್ಣು ಅದೇ ವರ್ಷ ಮತ್ತೆ ಗಬ್ಬವಾಗುವುದುಂಟು. ಸಂಖ್ಯೆ ಕುಸಿದ ಹಿಂಡುಗಳು ರಕ್ಷಣೆ ಸಿಕ್ಕಾಗ ಸಾಕಷ್ಟು ಬೇಗ ಚೇತರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮರಿ ಹಾಕುವ ಈ ಅವಧಿಯಲ್ಲಿ ಇರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ಪ್ರತಿವರ್ಷ ಪ್ರವಾಸಿಗರಿಗೆ ಮುಚ್ಚಲಾಗುತ್ತದೆ.

ಕೇರಳದ ಮುನ್ನಾರ್ ಬಳಿಯ, 97 ಚದರ ಕಿಲೋಮೀಟರು ವಿಸ್ತೀರ್ಣದ ಆ ಉದ್ಯಾನದ ಚರಿತ್ರೆಯನ್ನು ಬಿಟ್ಟು ಥಾರ್‌ನ ಚರಿತ್ರೆ ಹೇಳಲಾಗದು. 2,695 ಮೀಟರು ಎತ್ತರದ ಆನಮುಡಿಯ ಸುತ್ತಲಿನ ಈ ಎತ್ತರದ ನೆಲ ಕಣ್ಣನ್ ದೇವನ್ ಚಹಾ ಕಂಪನಿಯ ವಶದಲ್ಲಿತ್ತು, ಕಂಪನಿಯ ತೋಟಗಾರರು ಇದನ್ನು ತಮ್ಮ ಬೇಟೆಯ ಕಾಯ್ದಿಟ್ಟ ಪ್ರದೇಶವಾಗಿ ಉಳಿಸಿಕೊಂಡರು. 1928ರಲ್ಲಿ ಅವರು ಕಟ್ಟಿದ ಬೇಟೆ ಸಂರಕ್ಷಣಾ ಸಂಘ ಇದರ ಮೇಲ್ವಿಚಾರಣೆ ನೋಡಿಕೊಂಡಿತು. ಕಾವಲಿನ ಕೆಲಸವನ್ನು ಅಲ್ಲಿಯ ಬುಡಕಟ್ಟು ಜನರಾದ ಮುದುವರು ಮಾಡಿದರು. ನೀಲಗಿರಿಯಲ್ಲೂ ಇಂಥದೇ ಬೆಳವಣಿಗೆ ಇನ್ನೂ ಮೊದಲೇ ನಡೆದಿತ್ತು: ಮಿತಿಯಿಲ್ಲದ ಬೇಟೆಯಿಂದ ಪ್ರಾಣಿಗಳು ಕ್ಷೀಣಿಸಿದ್ದನ್ನು ಕಂಡು 1877ರಲ್ಲಿ ಬೇಟೆಗಾರರ ಸಂಘ ಹುಟ್ಟಿ, 1879ರಲ್ಲಿ ಬೇಟೆಗೆ ಕಾಲ ಮತ್ತು ಮಿತಿ ಗೊತ್ತುಮಾಡುವ ಕಾಯಿದೆ ಬಂದಿತ್ತು. ಥಾರ್ ಉಳಿದದ್ದು ಬೇಟೆಗಾರರ ಸ್ವಹಿತದಿಂದ ಎಂಬುದು ಒಪ್ಪಬೇಕಾದ ಮಾತು. ಆದರೆ ಮಳೆಯಲ್ಲಿ, ಚಳಿಯಲ್ಲಿ ಆ ಬೆಟ್ಟಗಳನ್ನು ಕಾಲ್ನಡೆಯಲ್ಲಿ ಕಾದ ಮುದುವರ ದುಡಿಮೆಗೆ ಬರಹಗಳಲ್ಲಿ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ. 1971ರಲ್ಲಿ ಕೇರಳ ಸರ್ಕಾರ ಕಾಯಿದೆ ಮಾಡಿ ಕಂಪನಿಯ ಜಮೀನನ್ನು ವಶಕ್ಕೆ ತೆಗೆದುಕೊಂಡಿತು. 1975ರಲ್ಲಿ ಇರವಿಕುಳಂ ಅಭಯಾರಣ್ಯವಾಯಿತು, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಥಾರ್‌ಗಳ ಅತಿದೊಡ್ಡ ಸಮುದಾಯ ಇರುವುದು ಇಲ್ಲೇ.

ಈ ಪ್ರಾಣಿಗಳನ್ನು ಎಣಿಸುವ ಪ್ರಯತ್ನದಲ್ಲಿ ನೀಲಗಿರಿಯ ವಕೀಲ ಇ.ಆರ್.ಸಿ. ದಾವಿದಾರ್ ಅವರ ಹೆಸರು ಮೊದಲಿಗೆ ಬರುತ್ತದೆ. ಅಮೆರಿಕದ ಹೆಸರಾಂತ ಜೀವಶಾಸ್ತ್ರಜ್ಞ ಜಾರ್ಜ್ ಶಾಲರ್ 1969ರಲ್ಲಿ ಬಂದು ಥಾರ್‌ಗಳನ್ನು ನೋಡಿ ಬರೆದರು. ದಾವಿದಾರ್ ಅದಕ್ಕೂ ಮೊದಲೇ 1963ರಲ್ಲಿ ನೀಲಗಿರಿಯಲ್ಲಿ ಎಣಿಕೆ ನಡೆಸಿದ್ದರು, 1975ರಿಂದ 1978ರವರೆಗೆ ಇಡೀ ನೆಲೆಯನ್ನು ಸುತ್ತಿ ಒಟ್ಟು ಸಂಖ್ಯೆ ಸುಮಾರು 2,200 ಎಂದು ಅಂದಾಜು ಮಾಡಿದರು. ಎಣಿಕೆ ಇಲ್ಲಿ ಸುಲಭವಲ್ಲ. ಮಂಜು ಕವಿದರೆ ಹಿಂಡು ಮರೆಯಾಗುತ್ತದೆ, ಬಂಡೆಯ ಸಂದಿನಲ್ಲಿ ಮಲಗಿದ್ದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಒಂದೇ ಪ್ರದೇಶವನ್ನು ಬೇರೆ ಬೇರೆ ದಿನ ಹಲವು ಬಾರಿ ಎಣಿಸಿ, ಸಿಕ್ಕ ಅತಿ ದೊಡ್ಡ ಸಂಖ್ಯೆಗೂ ಅದರ ನಂತರದ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ಅತಿ ದೊಡ್ಡ ಸಂಖ್ಯೆಗೆ ಕೂಡಿಸುವ ಕ್ರಮವೊಂದು ಬಳಕೆಯಲ್ಲಿದೆ. ಒಂದು ಬೆಟ್ಟದಲ್ಲಿ ಒಂದು ದಿನ 40, ಇನ್ನೊಂದು ದಿನ 36 ಸಿಕ್ಕವು, ಉಳಿದ ದಿನ ಅದಕ್ಕೂ ಕಡಿಮೆ ಎಂದಿಟ್ಟುಕೊಂಡರೆ ಅಂದಾಜು 44 ಆಗುತ್ತದೆ. ಎಣಿಕೆಗಳ ನಡುವೆ ಅಂತರ ಹೆಚ್ಚಿದಷ್ಟೂ ಕಾಣದೆ ಉಳಿದವುಗಳೂ ಹೆಚ್ಚಿರುತ್ತವೆ ಎಂಬುದು ಇದರ ತರ್ಕ. ತಮಿಳುನಾಡು ಸರ್ಕಾರ 2023ರ ಅಕ್ಟೋಬರ್‌ನಲ್ಲಿ ಸುಮಾರು 25 ಕೋಟಿ ರೂಪಾಯಿಯ ನೀಲಗಿರಿ ಥಾರ್ ಯೋಜನೆಗೆ ಚಾಲನೆ ಕೊಟ್ಟು, ದಾವಿದಾರ್ ಅವರ ನೆನಪಿಗೆ ಅಕ್ಟೋಬರ್ 7ನ್ನು ಥಾರ್ ದಿನವೆಂದು ಗೊತ್ತುಮಾಡಿತು. 2024ರ ಎಣಿಕೆಯಲ್ಲಿ ಆ ರಾಜ್ಯದಲ್ಲಿ 1,031 ಥಾರ್‌ಗಳು ಕಂಡವು. ಮರುವರ್ಷ ತಮಿಳುನಾಡು ಮತ್ತು ಕೇರಳ ಒಟ್ಟಾಗಿ ಒಂದೇ ಹೊತ್ತಿನಲ್ಲಿ ನಡೆಸಿದ ಎಣಿಕೆಯಲ್ಲಿ ಒಟ್ಟು ಸಂಖ್ಯೆ 2,600ನ್ನು ದಾಟಿತು.

ಸಂಖ್ಯೆ ಕುಸಿದಿಲ್ಲವೆಂಬುದು ಸಮಾಧಾನದ ವಿಷಯವೇ. ಆದರೆ ಆ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಒಂದೇ ಸಮುದಾಯವಾಗಿಲ್ಲ. ಸುಮಾರು 30 ಕಿಲೋಮೀಟರು ಅಗಲದ ಪಾಲಕ್ಕಾಡ್ ಕಣಿವೆ ನೀಲಗಿರಿಯ ಹಿಂಡುಗಳನ್ನು ಆನಮಲೆಯ ಹಿಂಡುಗಳಿಂದ, ಚೆಂಗೋಟೈ ಕಣಿವೆ ಇನ್ನೂ ದಕ್ಷಿಣದವನ್ನು ಉಳಿದವುಗಳಿಂದ ಪ್ರಕೃತಿಯೇ ಬೇರ್ಪಡಿಸಿದೆ. ಅದರ ಮೇಲೆ ಚಹಾ ತೋಟ, ರಸ್ತೆ, ಜಲಾಶಯಗಳು ಉಳಿದ ಕೊಂಡಿಗಳನ್ನೂ ಕಡಿದಿವೆ. ಹತ್ತಾರು ಪ್ರಾಣಿಗಳಷ್ಟೇ ಇರುವ ಒಂಟಿ ಬೆಟ್ಟದಲ್ಲಿ ಒಂದು ಸಾಂಕ್ರಾಮಿಕ ರೋಗವೋ ಒಂದು ಕೆಟ್ಟ ವರ್ಷವೋ ಹಿಂಡನ್ನೇ ಮುಗಿಸಬಲ್ಲದು, ಪಕ್ಕದ ಬೆಟ್ಟದಿಂದ ಬಂದು ಅಲ್ಲಿ ನೆಲೆಸಲು ದಾರಿಯಿರುವುದಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹವಾಮಾನ ಬದಲಾವಣೆಯಿಂದ ಥಾರ್‌ಗೆ ಒಗ್ಗುವ ನೆಲೆಯಲ್ಲಿ ಸುಮಾರು ಶೇ. 60ರಷ್ಟು ನಷ್ಟವಾಗಬಹುದೆಂದು ಅಂದಾಜು ಮಾಡಿದೆ. ಕೆಳಗೆ ಬಿಸಿ ಏರಿದರೆ ಮೇಲಕ್ಕೆ ಹೋಗಬಹುದಾದ ಜೀವಿಗಳಿವೆ. ಈಗಾಗಲೇ ಬೆಟ್ಟದ ನೆತ್ತಿಯಲ್ಲಿರುವ ಜೀವಿಗೆ ಹೋಗಲು ಜಾಗವಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಹುಲ್ಲಿನದು. ಮರವಿಲ್ಲದ ನೆಲವನ್ನು ಬಂಜರೆಂದು ಬಗೆದ ವಸಾಹತು ಆಡಳಿತ 1840ರ ದಶಕದಿಂದಲೇ ಆಸ್ಟ್ರೇಲಿಯದ ನೀಲಗಿರಿ ಮರ ಮತ್ತು ಅಕೇಶಿಯಾ ಜಾತಿಯ ವ್ಯಾಟಲ್ ಮರಗಳನ್ನು ಇಲ್ಲಿಗೆ ತಂದಿತು. ಸ್ವಾತಂತ್ರ್ಯಾನಂತರ ಚರ್ಮ ಹದ ಮಾಡುವ ಟ್ಯಾನಿನ್‌ಗೂ ರೇಯಾನ್ ಮತ್ತು ಕಾಗದದ ತಿರುಳಿಗೂ ಬೇಕೆಂದು ಅವುಗಳ ನೆಡುತೋಪುಗಳು ಇನ್ನೂ ದೊಡ್ಡ ಪ್ರಮಾಣದಲ್ಲಿ ಎದ್ದವು. ಸಾವಿರಾರು ವರ್ಷಗಳ ಹುಲ್ಲುಗಾವಲನ್ನು ಹಸಿರುಗೊಳಿಸುವ ಹೆಸರಿನಲ್ಲಿ ಅಳಿಸಿದ ಈ ನೀತಿ ಪಶ್ಚಿಮ ಘಟ್ಟಗಳಿಗೆ ಆದ ಅತ್ಯಂತ ದೊಡ್ಡ ಅನ್ಯಾಯಗಳಲ್ಲಿ ಒಂದು. ಪಳನಿ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿದ ಅಧ್ಯಯನದ ಪ್ರಕಾರ, 1973ರ ನಂತರದ ನಾಲ್ಕು ದಶಕಗಳಲ್ಲಿ ಅಲ್ಲಿಯ ಎತ್ತರದ ಹುಲ್ಲುಗಾವಲಿನ ಸುಮಾರು ಮೂರನೇ ಎರಡು ಭಾಗ ಇಲ್ಲವಾಗಿದೆ. ವ್ಯಾಟಲ್ ಬಂಡೆಯಂಚಿನವರೆಗೂ ಹಬ್ಬಿದಾಗ ಥಾರ್ ಮೇವನ್ನೂ ಕಳೆದುಕೊಳ್ಳುತ್ತದೆ, ದೂರಕ್ಕೆ ನೋಡಿ ಶತ್ರುವನ್ನು ಗುರುತಿಸುವ ಅನುಕೂಲವನ್ನೂ ಕಳೆದುಕೊಳ್ಳುತ್ತದೆ; ಹೊಂಚು ಹಾಕುವ ಚಿರತೆಗೆ ಮರೆ ಸಿಗುತ್ತದೆ.

ವ್ಯಾಟಲ್ ಕಡಿದರೆ ಹುಲ್ಲು ತಾನಾಗಿ ಮರಳುವುದಿಲ್ಲ. ಅದರ ಬೀಜಗಳು ದಶಕಗಳ ಕಾಲ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ, ಮರ ಬಿದ್ದು ಬಿಸಿಲು ತಾಗಿದ ಕೂಡಲೇ ಸಾವಿರಗಟ್ಟಲೆ ಮೊಳೆಯುತ್ತವೆ, ಬೆಂಕಿ ಬಿದ್ದರಂತೂ ಇನ್ನೂ ದಟ್ಟವಾಗಿ ಏಳುತ್ತವೆ. ಆದ್ದರಿಂದ ಒಮ್ಮೆ ತೆರವು ಮಾಡಿದ ಜಾಗಕ್ಕೆ ವರ್ಷವರ್ಷವೂ ಹೋಗಿ ಸಸಿಗಳನ್ನು ಬೇರುಸಹಿತ ಕೀಳಬೇಕು. ಸ್ಥಳೀಯ ಹುಲ್ಲುಗಳನ್ನು ನರ್ಸರಿಯಲ್ಲಿ ಬೆಳೆಸಿ, ಬುಡಬುಡವಾಗಿ ತಂದು ಇಳಿಜಾರಿನಲ್ಲಿ ಕೈಯಿಂದ ನೆಡಬೇಕು. ಬೇರು ಮಣ್ಣನ್ನು ಹಿಡಿಯುವವರೆಗೆ ಮಳೆಗೆ ಕೊಚ್ಚಿಹೋಗದಂತೆ ಕಾಯಬೇಕು. ನೀಲಗಿರಿಯ ಅಪ್ಪರ್ ಭವಾನಿಯಲ್ಲಿ ಹುಲ್ಲುಗಾವಲನ್ನು ಹೀಗೆ ಮರಳಿ ಕಟ್ಟುವುದು, ಥಾರ್‌ಗಳು ಹಿಂದೆ ಇದ್ದು ಈಗ ಅಳಿದಿರುವ ಬೆಟ್ಟಗಳಿಗೆ ಅವನ್ನು ಮತ್ತೆ ತಂದು ಬಿಡುವುದು, ಎರಡೂ ತಮಿಳುನಾಡಿನ ಯೋಜನೆಯಲ್ಲಿ ಸೇರಿವೆ. ಇವುಗಳಲ್ಲಿ ಎರಡನೆಯ ಕೆಲಸ ಮೊದಲನೆಯದರ ಹಿಂದೆಯೇ ಹೋಗಬೇಕು: ಬಂಡೆಯ ಪಕ್ಕದಲ್ಲಿ ಹುಲ್ಲು ಬೇರೂರಿದ ಮೇಲಷ್ಟೇ ಪ್ರಾಣಿಯನ್ನು ಅಲ್ಲಿಗೆ ಒಯ್ಯುವುದಕ್ಕೆ ಅರ್ಥವಿದೆ.